ನಿಕ್ಕಲ್ ಇರುವಾಗ ಪ್ಲಾಟಿನಂ ಯಾಕೆ?

ಪ್ರಶ್ನೆ: ನೀರಿನಿಂದ ಹೈಡ್ರೋಜನ್ ತೆಗೆಯಲು ‘ಪ್ಲಾಟಿನಂಗೆ ಸರಿಸಾಟಿಯಾದ ಅಗ್ಗದ ವೇಗವರ್ಧಕ ಸಿಕ್ಕಿದೆ’ ಎಂಬ ಸುದ್ದಿ ಆಗಾಗ ಓದುತ್ತೇನೆ. ಆದರೂ ಪ್ಲಾಟಿನಂ ಬಳಕೆ ನಿಂತಿಲ್ಲವಲ್ಲ?

ಉತ್ತರ: ವಿದ್ಯುತ್ ಹರಿಸಿ ನೀರನ್ನು ಒಡೆಯುವ ಯಂತ್ರಗಳಿಗೆ ಎಲೆಕ್ಟ್ರೋಲೈಸರ್ ಎನ್ನುತ್ತಾರೆ. ಅವುಗಳಲ್ಲಿ ಒಂದು ಬಗೆಗೆ ಪ್ಲಾಟಿನಂ ಮೊದಲಿನಿಂದಲೂ ಬೇಕಿಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬಳಸುವ ಕ್ಷಾರೀಯ ಎಲೆಕ್ಟ್ರೋಲೈಸರ್‌ಗಳು ದಶಕಗಳಿಂದ ನಿಕ್ಕಲ್ ವಿದ್ಯುದ್ವಾರಗಳಲ್ಲೇ ನಡೆಯುತ್ತಿವೆ. ತೊಡಕಿರುವುದು ಪ್ರೋಟಾನ್ ಸಾಗಿಸುವ ಪೊರೆಯ ಯಂತ್ರಗಳಲ್ಲಿ. ಆ ಪೊರೆ ಪ್ರಬಲ ಆಮ್ಲದಂತೆ. ನಿಕ್ಕಲ್, ಕಬ್ಬಿಣ, ಕೋಬಾಲ್ಟ್ ಅಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ, ಕರಗಿಹೋಗುತ್ತವೆ.

ಒಳ್ಳೆಯ ವೇಗವರ್ಧಕ ಹೈಡ್ರೋಜನ್ ಪರಮಾಣುವನ್ನು ಹದವಾಗಿ ಹಿಡಿಯಬೇಕು. ಹಿಡಿತ ಸಡಿಲವಾದರೆ ಪರಮಾಣು ಮೇಲ್ಮೈಗೆ ಅಂಟುವುದೇ ಇಲ್ಲ, ಬಿಗಿಯಾದರೆ ಅನಿಲವಾಗಿ ಬಿಟ್ಟುಹೋಗುವುದಿಲ್ಲ. ಪ್ಲಾಟಿನಂ ಆ ಹದಕ್ಕೆ ತೀರಾ ಹತ್ತಿರ. ಗ್ರೀಸ್‌ಗೆ ಬೆರೆಸುವ ಕಪ್ಪು ಪುಡಿ ಮಾಲಿಬ್ಡಿನಂ ಡೈಸಲ್ಫೈಡ್‌ನ ಪದರಗಳ ಅಂಚಿನಲ್ಲೂ ಅಂಥದ್ದೇ ಹದ ಇರಬಹುದೆಂದು 2005ರಲ್ಲಿ ಲೆಕ್ಕಾಚಾರ ಹೇಳಿತು. 2007ರಲ್ಲಿ ಪ್ರಯೋಗ ಅದನ್ನು ದೃಢಪಡಿಸಿತು. ಪದರದ ಅಗಲವಾದ ಮೈ ಮಾತ್ರ ಬಹುಪಾಲು ನಿಷ್ಕ್ರಿಯ. ಹಾಗಾಗಿ ಇಲ್ಲಿ ವಿನ್ಯಾಸವೆಂದರೆ ಅಂಚು ಹೆಚ್ಚಿಸುವುದು: ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸುವುದು, ಪದರಗಳನ್ನು ನೆಟ್ಟಗೆ ನಿಲ್ಲಿಸಿ ಬೆಳೆಸುವುದು. ನಿಕ್ಕಲ್ ಫಾಸ್ಫೈಡ್, ಕೋಬಾಲ್ಟ್ ಫಾಸ್ಫೈಡ್‌ಗಳೂ ಭರವಸೆ ಹುಟ್ಟಿಸಿವೆ.

ಆದರೆ ನನ್ನ ಮಟ್ಟಿಗೆ ದೊಡ್ಡ ತಲೆನೋವು ಪ್ಲಾಟಿನಂ ಅಲ್ಲ, ಎದುರು ಬದಿಯಲ್ಲಿ ಆಮ್ಲಜನಕ ಬಿಡಿಸುವ ಇರಿಡಿಯಂ ಎಂಬ ಲೋಹ. ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಿಗುವುದೇ ಕೆಲವು ಟನ್. ಕ್ಷಾರದಲ್ಲಾದರೆ ನಿಕ್ಕಲ್-ಕಬ್ಬಿಣದ ಹೈಡ್ರಾಕ್ಸೈಡ್ ಆ ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಇದರಲ್ಲೊಂದು ತಮಾಷೆಯಿದೆ. ಬರೀ ನಿಕ್ಕಲ್‌ನದೆಂದು ಬಹುಕಾಲ ನಂಬಿದ್ದ ಸಾಮರ್ಥ್ಯದ ಹೆಚ್ಚಿನ ಪಾಲು ಬಂದದ್ದು ದ್ರಾವಣದಲ್ಲಿ ಕಲ್ಮಶವಾಗಿ ಸೇರಿಕೊಂಡಿದ್ದ ಚೂರುಪಾರು ಕಬ್ಬಿಣದಿಂದ! ಪೊರೆಯ ಅನುಕೂಲ, ಕ್ಷಾರದ ಅಗ್ಗದ ಲೋಹ ಎರಡನ್ನೂ ಕೂಡಿಸಲು ಹೊರಟಿರುವ ಋಣ ಅಯಾನು ವಿನಿಮಯ ಪೊರೆಯ (ಪ್ರೋಟಾನ್ ಬದಲು ಹೈಡ್ರಾಕ್ಸೈಡ್ ಸಾಗಿಸುವ ಪೊರೆಯ) ಯಂತ್ರಗಳ ಮೇಲೆ ಈಗ ಹಲವರ ಕಣ್ಣಿದೆ. ಅಲ್ಲಿ ಬಾಳಿಕೆಯ ಪ್ರಶ್ನೆ ಲೋಹಕ್ಕಿಂತ ಹೆಚ್ಚಾಗಿ ಪೊರೆಯದು.

ಇನ್ನು ಆ ಸುದ್ದಿಗಳು. ಪ್ರಯೋಗಾಲಯದ ಹೋಲಿಕೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್‌ನಲ್ಲಿ, ಕೆಲವೇ ಗಂಟೆಗಳ ಕಾಲ ನಡೆದದ್ದು. ಪೊರೆಯ ಯಂತ್ರಕ್ಕೆ ಬೇಕಿರುವುದು ಅದರ ನೂರು ಪಟ್ಟು ಅಥವಾ ಇನ್ನೂ ಹೆಚ್ಚು, ಅದೂ ಹತ್ತಾರು ಸಾವಿರ ಗಂಟೆ. ಇಂಥ ವರದಿ ಕೈಗೆ ಬಂದರೆ ನಾನು ಮೊದಲು ನೋಡುವುದು ಎದುರಿನ ವಿದ್ಯುದ್ವಾರ ಯಾವುದೆಂದು. ಅದು ಪ್ಲಾಟಿನಂ ತಂತಿಯಾಗಿದ್ದರೆ, ಚೂರು ಕರಗಿ ಬಂದು ಪರೀಕ್ಷೆಗಿಟ್ಟ ‘ಅಗ್ಗದ’ ವೇಗವರ್ಧಕದ ಮೇಲೇ ಕೂತಿರಬಹುದು.