ಕಟ್‌ಆಫ್‌ಗೆ ಸ್ವಲ್ಪದರಲ್ಲೇ ತಪ್ಪಿದ್ದರೆ

ಮಗಳಿಗೆ ಕಾಗ್ಯಾಟ್‌ನಲ್ಲಿ (ಅಮೆರಿಕದ ಶಾಲೆಗಳಲ್ಲಿ ಮಕ್ಕಳ ಯೋಚನಾಶಕ್ತಿ ಅಳೆಯುವ ಪರೀಕ್ಷೆ) ಒಟ್ಟು 94ನೇ ಪರ್ಸೆಂಟೈಲ್ ಬಂದಿದೆ, ಅಂದರೆ ನೂರು ಮಕ್ಕಳಲ್ಲಿ ಸುಮಾರು 94 ಮಂದಿಗಿಂತ ಮುಂದೆ, ಆದರೆ ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ ಶಾಲೆ ಕೇಳುವುದು 97, ಮೇಲ್ಮನವಿ ಹಾಕಬೇಕಾ ಇಲ್ಲ ಮುಂದಿನ ವರ್ಷಕ್ಕೆ ಕೋಚಿಂಗ್ ಸೇರಿಸಬೇಕಾ ಅಂತ ಕೇಳಿದ್ದೀರಿ. ಮೇಲ್ಮನವಿಗೆ ಅವಕಾಶ ಇದ್ದರೆ ಹಾಕಿ. ಆದರೆ ಅದಕ್ಕೂ ಮೊದಲು ವರದಿಯನ್ನು ಸರಿಯಾಗಿ ಓದಿ, ಎಲ್ಲರೂ ಒಟ್ಟು ಅಂಕ ನೋಡಿ ಮಡಚಿಡ್ತಾರೆ. ಅದರಲ್ಲಿ ಭಾಷೆ, ಸಂಖ್ಯೆ, ಆಕೃತಿ ಅಂತ ಮೂರು ಭಾಗಗಳ ಅಂಕ ಬೇರೆ ಬೇರೆ ಇರುತ್ತದೆ. ಪಕ್ಕದಲ್ಲಿ ಪ್ರೊಫೈಲ್ ಅಂತ ಒಟ್ಟಾರೆ ಮಟ್ಟ ಹೇಳುವ ಒಂದು ಅಂಕಿ, ಒಂದು ಅಕ್ಷರ. ‘ಎ’ ಇದ್ದರೆ ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟ, ‘ಬಿ’ ಇದ್ದರೆ ಒಂದು ಭಾಗ ಮಾತ್ರ ಉಳಿದೆರಡಕ್ಕಿಂತ ಮೇಲೋ ಕೆಳಗೋ ಇದೆ ಅಂತ. ಸಂಖ್ಯೆಯಲ್ಲಿ 99 ಇದ್ದು ಭಾಷೆ ಒಂದೇ ಕೆಳಗೆ ಎಳೆದಿದ್ದರೆ, ಅದರಲ್ಲೂ ಮನೆಮಾತು ಬೇರೆ ಆಗಿದ್ದರೆ, ನಿಮ್ಮ ಮೇಲ್ಮನವಿ ಪತ್ರದಲ್ಲಿ ಬರೆಯಬೇಕಾದ್ದು ಅದೇ. ಜೊತೆಗೆ ಅವಳು ತಾನಾಗಿ ಮಾಡಿದ ಕೆಲಸ ಒಂದೆರಡು ಇಡಿ, ಕ್ಲಾಸ್ ಟೀಚರ್ ಹತ್ತಿರ ನಾಲ್ಕು ಸಾಲು ಬರೆಸಿಕೊಳ್ಳಿ. ‘ತುಂಬಾ ಚೂಟಿ’ ಅಂತ ಸುಮ್ನೆ ಹೊಗಳಿದರೆ ಉಪಯೋಗವಿಲ್ಲ, ಯಾವ ಲೆಕ್ಕವನ್ನು ಹೇಗೆ ಬಿಡಿಸಿದಳು ಅಂತ ಬೇಕು. ಕೋಚಿಂಗ್ ನನಗಂತೂ ಇಷ್ಟವಿಲ್ಲ. ಪ್ರಶ್ನೆಗಳ ರೀತಿ ಪರಿಚಯ ಆಗಲಿ ಅಂತ ಒಂದೆರಡು ಮಾದರಿ ಪತ್ರಿಕೆ ಮಾಡಿಸಿ, ಸಾಕು. ಮತ್ತೆ ಪರೀಕ್ಷೆ ಯಾವಾಗ ಬರೆಯಬಹುದು ಅನ್ನೋದನ್ನ ಶಾಲೆಯಿಂದ ಈಗಲೇ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ.