ಸಕ್ಕರೆ ಕಾಯಿಲೆ ಇಲ್ಲ, ಆದರೂ ಗಂಟೆಗೊಮ್ಮೆ ಒಂದಕ್ಕೆ ಅವಸರ. ಯಾಕೆ?

ಶುಗರ್ ನಾರ್ಮಲ್, ಸೋಂಕೂ ಇಲ್ಲ, ಆದರೂ ಗಂಟೆಗೊಮ್ಮೆ ಓಡಬೇಕು ಯಾಕೆ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನನ್ನದೂ ಇದೇ ಪಾಡು. ಮನೆ ಬೀಗಕ್ಕೆ ಕೀಲಿಕೈ ಹಾಕುವ ಹೊತ್ತಿಗೇ ತಡೆಯಲಾರದ ಅವಸರ! ನಾನು ಡಾಕ್ಟರಲ್ಲ, ಶಾಲೆಯಲ್ಲಿ ಗಣಿತ ಕಲಿಸುವವಳು. ಅನುಭವಿಸಿದ್ದನ್ನು ಹೇಳುತ್ತೇನೆ.

ಡಾಕ್ಟರು ಮೊದಲು ಮಾತ್ರೆ ಕೊಡಲಿಲ್ಲ. ಮೂರು ದಿನ, ಪ್ರತಿ ಸಲ ಎಷ್ಟು ಎಂ.ಎಲ್. ಹೋಯಿತು ಅಳೆದು ಬರೆದುಕೊಂಡು ಬನ್ನಿ ಎಂದರು. ನಾಚಿಕೆ ಬಿಟ್ಟು, ಗೆರೆ ಇರುವ ಹಳೆಯ ಪ್ಲಾಸ್ಟಿಕ್ ಮಗ್ ಹಿಡಿದೆ. ದಿನಕ್ಕೆ 14 ಸಲ, ಸಲಕ್ಕೆ 80–100 ಎಂ.ಎಲ್. ಅಷ್ಟೇ. ದೊಡ್ಡವರ ಮೂತ್ರಕೋಶ ಸಾಮಾನ್ಯವಾಗಿ 300ರಿಂದ 500 ಎಂ.ಎಲ್. ಹಿಡಿಯುತ್ತದೆ. ಪ್ರತಿ ಸಲವೂ ಧಾರಾಳವಾಗಿ ಹೋಗುತ್ತಿದ್ದರೆ ಮೂತ್ರವೇ ಜಾಸ್ತಿ ತಯಾರಾಗುತ್ತಿದೆ ಎಂದರ್ಥ. ಸಕ್ಕರೆ ಕಾಯಿಲೆ, ಅತಿಯಾಗಿ ನೀರು ಕುಡಿಯುವುದು, ಬಿ.ಪಿ.ಗೆ ಕೊಡುವ ಕೆಲವು ಮಾತ್ರೆ, ಹೀಗೆ. ನನ್ನದು ಹಾಗಲ್ಲ. ಚೀಲ ಅರ್ಧ ತುಂಬುವ ಮೊದಲೇ ಅದರ ಗೋಡೆಯ ಸ್ನಾಯು ಹಿಂಡಿಕೊಳ್ಳುತ್ತಿತ್ತು. ಓವರ್ ಆಕ್ಟಿವ್ ಬ್ಲಾಡರ್ ಅನ್ನುವುದು ಇದನ್ನೇ.

ಪಾರ್ಶ್ವವಾಯು, ಪಾರ್ಕಿನ್ಸನ್ (ಕೈಕಾಲು ನಡುಗುವ ನರರೋಗ), ಬೆನ್ನುಹುರಿಯ ತೊಂದರೆ ಇದ್ದವರಲ್ಲಿ ಆ ಸ್ನಾಯುವಿನ ಮೇಲೆ ಮಿದುಳಿನ ಹಿಡಿತ ತಪ್ಪುತ್ತದೆ. ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದರೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಹೀಗಾಗಬಹುದು. ಮಲಬದ್ಧತೆಯಿಂದಲೂ ಆಗುತ್ತದೆ, ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ.

ನನ್ನ ವಿಷಯದಲ್ಲಿ ಅರ್ಧ ತಪ್ಪು ನನ್ನದೇ. ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ. ಶಾಲೆಯ ಶೌಚಾಲಯಕ್ಕೆ ಹೆದರಿ ನೀರು ಮಾತ್ರ ಕುಡಿಯುತ್ತಿರಲಿಲ್ಲ. ಕಡು ಹಳದಿ ಮೂತ್ರ ಚೀಲವನ್ನು ಇನ್ನಷ್ಟು ಕೆರಳಿಸುತ್ತದಂತೆ! ಇದರ ಜೊತೆಗೆ ಬಸ್ ಹತ್ತುವ ಮೊದಲು, ಕ್ಲಾಸಿಗೆ ಹೋಗುವ ಮೊದಲು, "ಯಾವುದಕ್ಕೂ ಇರಲಿ" ಅಂತ ಸುಮ್ನೆ ಹೋಗಿಬರುವ ಚಾಳಿ. ಸ್ವಲ್ಪ ಸ್ವಲ್ಪಕ್ಕೇ ಖಾಲಿ ಮಾಡಿ ಮಾಡಿ ಅದಕ್ಕೂ ಅದೇ ರೂಢಿಯಾಗಿತ್ತು.

ಕಾಫಿ ಎರಡಕ್ಕೆ ಇಳಿಸಿದೆ. ಅವಸರವಾದಾಗ ಓಡದೆ, ಕೂತಲ್ಲೇ ಕೂತು, ಮೂತ್ರ ತಡೆಯುವ ಸ್ನಾಯು ಬಿಗಿ ಹಿಡಿದು ಐದು ನಿಮಿಷ, ಆಮೇಲೆ ಹತ್ತು ನಿಮಿಷ ಮುಂದೂಡುವುದು ಕಲಿತೆ. ಗಂಟೆಗೊಮ್ಮೆ ಇದ್ದದ್ದು ಎರಡೂವರೆ ಗಂಟೆಗೆ ಬರಲು ಎರಡು ತಿಂಗಳು ಹಿಡಿಯಿತು.

ರಕ್ತ ಕಂಡರೆ, ಉರಿ, ಜ್ವರ ಇದ್ದರೆ, ಕಾಲು ಜೋಮು ಹಿಡಿದರೆ ಇದ್ಯಾವುದಕ್ಕೂ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಹಾಗೇನೂ ಇಲ್ಲದಿದ್ದರೆ ನಾಳೆ ಬೆಳಿಗ್ಗೆಯಿಂದ ಮಗ್ ಹಿಡಿಯಿರಿ. ಆ ಮೂರು ದಿನದ ಲೆಕ್ಕ ಕೈಯಲ್ಲಿದ್ದರೆ ಡಾಕ್ಟರಿಗೂ ಕೆಲಸ ಸುಲಭ.