ರಾತ್ರಿ ಚೆನ್ನಾಗಿದ್ದ ಕಾರು, ಬೆಳಿಗ್ಗೆ ಬ್ಯಾಟರಿ ಡೌನ್

ಪ್ರಶ್ನೆ: ನನ್ನದು ಚಿಕ್ಕ ಪೆಟ್ರೋಲ್ ಕಾರು, 35 ಆಂಪಿಯರ್ ಅವರ್ ಬ್ಯಾಟರಿ. ವಾರಕ್ಕೆ ಎರಡು ಮೂರು ಸಲ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್ ಅನ್ನುತ್ತದೆ. ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಟ್ಟರೆ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹಾಕಿಸಿ ಎಂಟೇ ತಿಂಗಳು. ಆಮೇಲೆ ಹೊರಗಡೆ ಟಚ್ ಸ್ಕ್ರೀನ್ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ ಹಾಕಿಸಿದೆ. ಆಫೀಸು ಮನೆಯಿಂದ ಮೂರು ಕಿಲೋಮೀಟರ್. ಮತ್ತೆ ಹೊಸ ಬ್ಯಾಟರಿ ಹಾಕಿಸಿ ಅನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?
– ಓದುಗರು, ದಾವಣಗೆರೆ

ಉತ್ತರ: ಈಗಲೇ ಬೇಡ. ಒಂದು ರಾತ್ರಿ ಕಾಯಿರಿ. ತಪ್ಪು ಬ್ಯಾಟರಿಯದೋ ಕಾರಿನದೋ ಎಂದು ತಿಳಿಯದೆ ಹಾಕಿದ ಹೊಸ ಬ್ಯಾಟರಿಯೂ ಕೆಲವೇ ತಿಂಗಳಲ್ಲಿ ಹಾಳಾಗಬಹುದು.

ಮೊದಲು ಸಣ್ಣ ಲೆಕ್ಕ. ಲಾಕ್ ಮಾಡಿ ನಿಲ್ಲಿಸಿದ ಕಾರು ಕೂಡ ಗಡಿಯಾರ, ಸೆಂಟ್ರಲ್ ಲಾಕ್, ಕಂಪ್ಯೂಟರ್‌ಗೆ ಸ್ವಲ್ಪ ಕರೆಂಟ್ ಎಳೆಯುತ್ತದೆ. 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹತ್ತು ಗಂಟೆಗೆ ಅರ್ಧ ಆಂಪಿಯರ್ ಅವರ್ ಅಷ್ಟೇ ಹೋಗುತ್ತದೆ. ಡಿಕ್ಕಿಯ 5 ವ್ಯಾಟ್ ಬಲ್ಬ್ ರಾತ್ರಿಯಿಡೀ ಉರಿದರೂ ಸುಮಾರು 4 ಆಂಪಿಯರ್ ಅವರ್. ಫುಲ್ ಚಾರ್ಜ್ ಇರುವ ಒಳ್ಳೆಯ ಬ್ಯಾಟರಿ ಇಷ್ಟಕ್ಕೆ ಮಲಗುವುದಿಲ್ಲ. ಒಂದೇ ರಾತ್ರಿಗೆ ಡೌನ್ ಆಗುತ್ತಿದೆ ಅಂದರೆ, ಒಂದೋ ಕರೆಂಟ್ ಜೋರಾಗಿ ಸೋರುತ್ತಿದೆ, ಇಲ್ಲವೇ ರಾತ್ರಿ ನಿಲ್ಲಿಸುವಾಗಲೇ ಬ್ಯಾಟರಿ ಅರ್ಧ ಖಾಲಿ. ನಿಮ್ಮ ಕಾರಿನಲ್ಲಿ ಎರಡೂ ಇರಬಹುದು ಎನ್ನುವುದು ನನ್ನ ಅನುಮಾನ.

ಹೀಗೆ ಮಾಡಿ. ಬ್ಯಾಟರಿಯನ್ನು ಅಂಗಡಿಯಲ್ಲಿ ಚಾರ್ಜರ್‌ಗೆ ಹಾಕಿಸಿ ಫುಲ್ ಮಾಡಿಸಿ. ಆ ದಿನ ರಾತ್ರಿ ನೆಗೆಟಿವ್ ಟರ್ಮಿನಲ್ ಮಾತ್ರ ಬಿಚ್ಚಿಡಿ. ಹೆಚ್ಚಿನ ಕಾರುಗಳಿಗೆ 10ರ ಸ್ಪ್ಯಾನರ್ ಸಾಕು. ಪಾಸಿಟಿವ್ ಮುಟ್ಟಬೇಡಿ, ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಟರ್ಮಿನಲ್ ಬಿಚ್ಚಿದರೆ ರಿಮೋಟ್ ಕೆಲಸ ಮಾಡುವುದಿಲ್ಲ, ಬಾಗಿಲನ್ನು ಕೀಲಿಯಿಂದಲೇ ಲಾಕ್ ಮಾಡಿ. ಮಲ್ಟಿಮೀಟರ್ ಇದ್ದರೆ ಒಂದು ಗಂಟೆ ಬಿಟ್ಟು ವೋಲ್ಟೇಜ್ ಬರೆದಿಟ್ಟುಕೊಳ್ಳಿ, ಬೆಳಿಗ್ಗೆ ಮತ್ತೆ ನೋಡಿ. 12.6 ವೋಲ್ಟ್ ಆಸುಪಾಸು ಇದ್ದರೆ ಫುಲ್, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಹೋದರೆ ಬಹುತೇಕ ಖಾಲಿ. ಏನೂ ಜೋಡಿಸದೆಯೂ ರಾತ್ರಿಯಲ್ಲಿ ಹೀಗೆ ಇಳಿದಿದ್ದರೆ ಬ್ಯಾಟರಿಯೇ ಕೆಟ್ಟಿದೆ. ಎಂಟು ತಿಂಗಳಷ್ಟೇ ಆಗಿರುವುದರಿಂದ ವಾರಂಟಿ ಇರುತ್ತದೆ ಅಲ್ವಾ, ಬಿಲ್ ಹಿಡಿದು ಹೋಗಿ, ಲೋಡ್ ಟೆಸ್ಟ್ (ಜೋರು ಕರೆಂಟ್ ಎಳೆದಾಗ ಬ್ಯಾಟರಿ ತಡೆಯುತ್ತದೆಯೇ ಎಂಬ ಪರೀಕ್ಷೆ) ಮಾಡಿಸಿ.

ಇಳಿಯದೆ, ಟರ್ಮಿನಲ್ ಹಾಕಿದ ಕೂಡಲೇ ಸ್ಟಾರ್ಟ್ ಆಯಿತೇ? ಹಾಗಾದರೆ ಕಾರೇ ಕರೆಂಟ್ ತಿನ್ನುತ್ತಿರಬಹುದು. ನನ್ನ ಮೊದಲ ಅನುಮಾನ ಆ ಸ್ಟೀರಿಯೊ ಮೇಲೆ. ಹೊರಗೆ ಹಾಕಿಸುವ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ವೈರ್‌ಗೆ ಸದಾ ಕರೆಂಟ್ ಬೇಕು, ಕೆಂಪು ವೈರ್‌ಗೆ ಕೀ ತಿರುಗಿಸಿದಾಗ ಮಾತ್ರ. ಸುಮ್ನೆ ಕೆಲಸ ಬೇಗ ಮುಗಿಯಲಿ ಎಂದು ಎರಡನ್ನೂ ಸೇರಿಸಿ ನೇರ ಬ್ಯಾಟರಿ ಲೈನಿಗೆ ಕೊಡುವವರಿದ್ದಾರೆ. ಆಗ ಸ್ಕ್ರೀನ್ ಕಪ್ಪಾಗಿದ್ದರೂ ಒಳಗೆ ಸ್ಟೀರಿಯೊ ಎಚ್ಚರವಾಗಿಯೇ ಇರಬಹುದು. ಕೀ ತೆಗೆದ ಮೇಲೂ ಬಟನ್ ಒತ್ತಿದರೆ ಸ್ಟೀರಿಯೊ ಆನ್ ಆದರೆ, ವೈರಿಂಗ್ ಮತ್ತೆ ನೋಡಿಸಲೇಬೇಕು.

ಅದೂ ಸರಿಯಿದ್ದರೆ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ನೆಗೆಟಿವ್ ಲೈನಿನಲ್ಲಿ ಆಂಪಿಯರ್ ಮೀಟರ್ ಕೂರಿಸಿ ನೋಡಲು ಹೇಳಿ. ಲಾಕ್ ಮಾಡಿದ ಮೇಲೆ ಅರ್ಧ ಗಂಟೆಯಾದರೂ ಕಾಯಬೇಕು, ಕಾರಿನ ಕಂಪ್ಯೂಟರ್‌ಗಳು ಮಲಗಲು ಅಷ್ಟು ಹೊತ್ತು ಬೇಕು. ಗಡಿಬಿಡಿಯಲ್ಲಿ ನೋಡಿ 'ಇಷ್ಟೊಂದು ಎಳೀತಿದೆ' ಎಂದು ಹೆದರಿಸುವುದೇ ಜಾಸ್ತಿ. ಮೀಟರ್ 50 ಮಿಲಿಆಂಪಿಯರ್ ಮೇಲೇ ನಿಂತರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಬೇಕು. ಯಾವ ಫ್ಯೂಸ್ ತೆಗೆದಾಗ ಅಂಕಿ ದಿಢೀರ್ ಇಳಿಯುತ್ತದೋ ತಪ್ಪು ಆ ಲೈನಿನಲ್ಲಿದೆ. ಯಾವುದಕ್ಕೂ ಇಳಿಯದಿದ್ದರೆ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ವೈರ್ ಬಿಚ್ಚಿ ನೋಡಬೇಕು, ಅದರೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕೆಟ್ಟರೂ ರಾತ್ರಿ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಮೀಟರ್ ಜೋಡಿಸಿರುವಾಗ ಯಾರೂ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟು ಹೋಗುತ್ತದೆ.

ಇನ್ನು ನಿಮ್ಮ ಮೂರು ಕಿಲೋಮೀಟರ್. ಒಂದು ಸಲ ಸೆಲ್ಫ್ ಹೊಡೆದು ಖರ್ಚಾದದ್ದು ತುಂಬುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಅದರ ಮೇಲೆ ಎಸಿ, ಹೆಡ್‌ಲೈಟ್. ಸೋರಿಕೆ ಸಣ್ಣದಿದ್ದರೂ ಪೂರ್ತಿ ತುಂಬದ ಬ್ಯಾಟರಿಗೆ ಅದೇ ದೊಡ್ಡದು. ಜಂಪ್ ಕೊಟ್ಟ ದಿನವಂತೂ ಆಫೀಸಿಗೆ ಹೋಗಿ ಬಂದರೆ ಏನೇನೂ ಸಾಲದು. ಎಂಜಿನ್ ಓಡುವಾಗ ಟರ್ಮಿನಲ್ ಮೇಲೆ 13.8ರಿಂದ 14.5 ವೋಲ್ಟ್ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ವಾರಕ್ಕೊಮ್ಮೆ ಹರಿಹರದ ಕಡೆಗೋ ಚಿತ್ರದುರ್ಗದ ಕಡೆಗೋ ಮುಕ್ಕಾಲು ಗಂಟೆ ಓಡಿಸಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಂಡರೆ ಅಡುಗೆ ಸೋಡಾ ನೀರಿನಿಂದ ತೊಳೆದು, ಒರೆಸಿ, ಬಿಗಿ ಮಾಡಿಸಿ.

ತಪ್ಪು ಸಿಗುವವರೆಗೆ ರಾತ್ರಿ ನೆಗೆಟಿವ್ ಬಿಚ್ಚಿಡುವುದನ್ನು ನಿಲ್ಲಿಸಬೇಡಿ. ಪೂರ್ತಿ ಖಾಲಿಯಾದಾಗಲೆಲ್ಲ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ, ನಿಮ್ಮದು ಈಗಾಗಲೇ ಹಲವು ಸಲ ಹಾಗಾಗಿದೆ.